ಬಲ್ಲವರ ಆಟ, ಬಾರದವರ ಕಣ್ಣು: ಐರ್ಲೆಂಡಿನ ದೇಸಿ ಕ್ರೀಡೆಗಳು ಟೆಲಿವಿಷನ್ನಿಗೆ ಬಂದ ಬಗೆ

(ಮಾಧ್ಯಮ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

2009ರ ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ. ಐರ್ಲೆಂಡಿನ ಪಶ್ಚಿಮಕ್ಕಿರುವ ಕ್ಲೇರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ), ಎನಿಸ್ ಪಟ್ಟಣದ ಹೊರವಲಯದ ಒಂದು ಮನೆಯ ಮಾಳಿಗೆಯಲ್ಲಿ ನಾನು ಆಗ ಬಾಡಿಗೆಗಿದ್ದೆ. ಎಪ್ಪತ್ತು ದಾಟಿದ್ದ ಮನೆಯ ಯಜಮಾನರು ಮಧ್ಯಾಹ್ನ ನನ್ನನ್ನು ಕೆಳಗಿನ ನಡುಮನೆಗೆ ಕರೆದು ಕೂರಿಸಿದರು. ಟಿವಿಯಲ್ಲಿ ಕಿಲ್ಕೆನಿ ಮತ್ತು ಟಿಪರೇರಿ ಕೌಂಟಿಗಳ ನಡುವೆ ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟದ ಅಖಿಲ ಐರ್ಲೆಂಡ್ ಫೈನಲ್ ಇತ್ತು. ಆಟ ಇನ್ನೇನು ಶುರುವಾಗಬೇಕು ಎನ್ನುವಾಗ ಅವರು ಟಿವಿಯ ದನಿಯನ್ನು ಪೂರ್ತಿ ಅಡಗಿಸಿ, ಕಿಟಕಿಯ ಹಲಗೆಯ ಮೇಲಿದ್ದ ರೇಡಿಯೊ ಹಚ್ಚಿದರು. ಚಿತ್ರ ಟಿವಿಯದು, ಮಾತು ರೇಡಿಯೊದ್ದು. ಆಕಾಶವಾಣಿಯ ವೀಕ್ಷಕ ವಿವರಣೆ ಕೇಳುತ್ತ ಬೆಳೆದವನಾದ ನನಗೆ ಈ ಚಟ ಹೊಸದೇನೂ ಅಲ್ಲ. ಆದರೂ ಯಾಕೆ ಹೀಗೆ ಎಂದು ಕೇಳಿದೆ. ಟಿವಿಯವರು ಕಾಣುವುದನ್ನೇ ಹೇಳುತ್ತಾರೆ, ರೇಡಿಯೊದವನು ಗೊತ್ತಿರುವುದನ್ನು ಹೇಳುತ್ತಾನೆ, ಎಂದರು.

ಇವತ್ತಿನ ನನ್ನ ಮಾತೆಲ್ಲ ಆ ಒಂದು ವಾಕ್ಯದ ಸುತ್ತ ಇದೆ. ಆಟವೊಂದು ಟೆಲಿವಿಷನ್ನಿಗೆ ಬಂತೆಂದರೆ, ಅದನ್ನು ಬಾರದವರಿಗೂ ತಿಳಿಯುವಂತೆ ತೋರಿಸುವುದು ಪ್ರಸಾರದವರ ಮೊದಲ ಚಿಂತೆಯಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಐರ್ಲೆಂಡಿನ ದೇಸಿ ಆಟಗಳ ಪ್ರಸಾರದಲ್ಲಿ ಹಾಗಾಗಲಿಲ್ಲ. ಅದು ಹಲವು ದಶಕಗಳ ಕಾಲ ಬಲ್ಲವರು ಬಲ್ಲವರಿಗಾಗಿ ಮಾಡಿದ ಪ್ರಸಾರ. ಅದರ ಸೊಗಸು, ಅದರ ಸಂಕೋಚ, ಈಚಿನ ವರ್ಷಗಳಲ್ಲಿ ಸಂಸತ್ತಿನ ಸಮಿತಿಯ ತನಕ ಹೋದ ಅದರ ಜಗಳ, ಮೂರೂ ಅಲ್ಲಿಂದಲೇ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ಮೊದಲು ಆಟದ ವಿಚಾರ. ಹರ್ಲಿಂಗ್‌ನಲ್ಲಿ ಪ್ರತಿ ತಂಡಕ್ಕೆ 15 ಆಟಗಾರರು. ಕೈಯಲ್ಲಿ ಆ್ಯಶ್ ಮರದ, ತುದಿ ಅಗಲವಾದ ಕೋಲು. ಅದಕ್ಕೆ ಹರ್ಲಿ ಎನ್ನುತ್ತಾರೆ. ಚೆಂಡಿನ ಹೆಸರು ಸ್ಲಿಟರ್. ಒಳಗೆ ಕಾರ್ಕ್, ಮೇಲೆ ತೊಗಲಿನ ಹೊದಿಕೆ, ತೂಕ 110ರಿಂದ 116 ಗ್ರಾಂ. ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಎತ್ತರಕ್ಕೆ ಹೋಗಿರುತ್ತವೆ. ಅಡ್ಡಪಟ್ಟಿಯ ಕೆಳಗೆ, ಬಲೆಯೊಳಕ್ಕೆ ಹೊಡೆದರೆ ಗೋಲು, ಅದಕ್ಕೆ ಮೂರು ಅಂಕ. ಮೇಲಿನಿಂದ ಹಾರಿಸಿದರೆ ಒಂದು ಅಂಕ. ಗೇಲಿಕ್ ಫುಟ್‌ಬಾಲಿನದೂ ಇದೇ ಕಂಬ, 2024ರ ತನಕ ಲೆಕ್ಕವೂ ಇದೇ. ಅಲ್ಲಿ ದೊಡ್ಡ ಚೆಂಡನ್ನು ಕೈಯಲ್ಲೂ ಕಾಲಲ್ಲೂ ಆಡಬಹುದು. ಹೆಂಗಸರು ಆಡುವ ಹರ್ಲಿಂಗ್‌ಗೆ ಕಮೋಗಿ ಎಂಬ ಬೇರೆ ಹೆಸರಿದೆ. ಈ ಆಟಗಳನ್ನು ಕಾಪಾಡಿ ಬೆಳೆಸಲೆಂದು 1884ರ ನವೆಂಬರ್ 1ರಂದು ಟಿಪರೇರಿಯ ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್ ಮತ್ತು ಸಂಗಡಿಗರು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಶನ್ ಕಟ್ಟಿದರು. ಎಲ್ಲರ ಬಾಯಲ್ಲೂ ಅದು ಜಿಎಎ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಹುಟ್ಟಿದ ಈ ಸಂಸ್ಥೆಗೆ ಆಟವೂ ಒಂದೇ, ನಾಡಿನ ಸ್ವಾಭಿಮಾನವೂ ಒಂದೇ ಆಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ, 82,300 ಜನ ಹಿಡಿಸುವ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಆಡುವವನಿಗೂ ಸಂಬಳವಿಲ್ಲ. ಸೋಮವಾರ ಅವನು ಶಾಲೆಯಲ್ಲಿ ಪಾಠ ಮಾಡಬೇಕು, ಇಲ್ಲವೇ ಕೊಟ್ಟಿಗೆಯಲ್ಲಿ ಹಸುವಿನ ಹಾಲು ಕರೆಯಬೇಕು. ಹೆಚ್ಚಿನ ಆಟಗಾರರು ತಾವು ಹುಟ್ಟಿ ಬೆಳೆದ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ, ಕ್ಲಬ್ಬಿಗೂ ತಮ್ಮ ಕೌಂಟಿಗೂ ಆಡುತ್ತಾರೆ. ಕ್ಲಬ್ ಬದಲಿಸುವುದೆಂದರೆ ಊರಿಗೆ ಊರೇ ಮಾತಾಡಿಕೊಳ್ಳುವಂಥ ವಿಷಯ. ಹಾಗಾಗಿ ನೋಡುಗನಿಗೆ ಆಟಗಾರನ ಅಪ್ಪ ಯಾರು, ಅಜ್ಜ ಯಾವ ವರ್ಷ ಆಡಿದ, ಸೋದರಮಾವ ಯಾವ ಫ್ರೀ ಹೊಡೆತವನ್ನು ತಪ್ಪಿಸಿದ ಎಂಬುದೆಲ್ಲ ಗೊತ್ತಿರುತ್ತದೆ. ಇಂಥ ನೋಡುಗನಿಗೆ ಏನನ್ನು ಹೇಳಬೇಕು? ನಿಯಮ ಹೇಳಿದರೆ ಅವನಿಗೆ ಅವಮಾನ; ವಂಶಾವಳಿ ಹೇಳಿದರೆ ಸಂತೋಷ.

ಆ ಸಂತೋಷವನ್ನು ಮೊದಲು ಕೊಟ್ಟದ್ದು ರೇಡಿಯೊ. ಸ್ವತಂತ್ರ ಐರ್ಲೆಂಡಿನ ಬಾನುಲಿ ಕೇಂದ್ರ 2ಆರ್‌ಎನ್ 1926ರ ಜನವರಿ 1ರಂದು ಶುರುವಾಯಿತು. ಅದೇ ವರ್ಷ ಆಗಸ್ಟ್ 29ರಂದು ಕಿಲ್ಕೆನಿ ಮತ್ತು ಗಾಲ್ವೇ ನಡುವಣ ಹರ್ಲಿಂಗ್ ಸೆಮಿಫೈನಲ್ ಕ್ರೋಕ್ ಪಾರ್ಕ್‌ನಿಂದ ನೇರವಾಗಿ ಪ್ರಸಾರವಾಯಿತು. ಮೈದಾನದ ಆಟವೊಂದರ ನೇರ ರೇಡಿಯೊ ವಿವರಣೆ ಯೂರೋಪಿನಲ್ಲಿ ಅದೇ ಮೊದಲು ಎಂದು ಐರಿಷ್ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೈಕಿನ ಮುಂದೆ ಕುಳಿತವರು ಪತ್ರಕರ್ತ ಪಿ.ಡಿ. ಮೆಹಿಗನ್. ಆದರೆ ಈ ಕಲೆಗೆ ಮನೆಮನೆಯ ಹೆಸರಾದವರು 1938ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಮುಲಿಂಗಾರ್ ಊರಿನ ಒಂದು ಫುಟ್‌ಬಾಲ್ ಸೆಮಿಫೈನಲ್‌ನಿಂದ ಶುರುಮಾಡಿದ ಮೀಹಾಲ್ ಓಹೇರ್. ಅವರ ತಂದೆ ಕ್ಲೇರ್ ತಂಡದ ತರಬೇತುದಾರರಾಗಿದ್ದವರು. ಆ ತಂಡ 1914ರಲ್ಲಿ ಅಖಿಲ ಐರ್ಲೆಂಡ್ ಪಟ್ಟ ಗೆದ್ದಿತ್ತು. ಅದಾದ ಮೇಲೆ ಕ್ಲೇರ್ ಮತ್ತೆ ಗೆಲ್ಲಲು 1995ರ ತನಕ ಕಾಯಬೇಕಾಯಿತು. ಎನಿಸ್‌ನ ನನ್ನ ಯಜಮಾನರು ಈ ಎರಡು ಇಸವಿಗಳನ್ನು ನಮ್ಮವರು ಮದುವೆ ಮುಂಜಿಗಳ ತಾರೀಖು ಹೇಳುವ ಹಾಗೆ ಹೇಳುತ್ತಿದ್ದರು.

ಓಹೇರ್ ಅವರ ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾಗದು. 1947ರ ಫುಟ್‌ಬಾಲ್ ಫೈನಲ್ ಕ್ಯಾವನ್ ಮತ್ತು ಕೆರಿ ನಡುವೆ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಅಂಗಳದಲ್ಲಿ ನಡೆಯಿತು. ಅಟ್ಲಾಂಟಿಕ್ ದಾಟುವ ಟೆಲಿಫೋನ್ ಮಾರ್ಗವನ್ನು ಅಲ್ಲಿನ ಐದು ಗಂಟೆಯ ತನಕ ಮಾತ್ರ ಕಾದಿರಿಸಲಾಗಿತ್ತು. ಮೊದಲಿನ ಸಮಾರಂಭಗಳು ಉದ್ದವಾಗಿ, ಆಟ ಮುಗಿಯುವ ಮುನ್ನವೇ ಹೊತ್ತು ಮೀರುವಂತಾಯಿತು. ಓಹೇರ್ ಆಟದ ವಿವರಣೆಯ ನಡುನಡುವೆಯೇ, ಎಲ್ಲೋ ಕುಳಿತ ಯಾರೋ ತಂತ್ರಜ್ಞರನ್ನು ಉದ್ದೇಶಿಸಿ, ಇನ್ನೈದು ನಿಮಿಷ ಮಾರ್ಗ ಕಡಿಯಬೇಡಿರೆಂದು ಬೇಡಿಕೊಂಡರು. ಮಾರ್ಗ ಕಡಿಯಲಿಲ್ಲ, ಕ್ಯಾವನ್ ಗೆದ್ದದ್ದನ್ನು ಊರಿನವರು ಕೇಳಿದರು. ಐರ್ಲೆಂಡಿನಲ್ಲಿ ಪ್ರಸಾರವೆಂದರೆ ಏನು ಎಂಬುದು ಆ ಬೇಡಿಕೆಯಲ್ಲಿದೆ: ಅದು ಮಾರಾಟದ ಸರಕಾಗಿರಲಿಲ್ಲ, ದೂರ ಹೋದವರ ಸುದ್ದಿಯನ್ನು ಮನೆಗೆ ಮುಟ್ಟಿಸುವ ಹೊಣೆಯಾಗಿತ್ತು.

ಟೆಲಿವಿಷನ್ ಬಂದದ್ದು 1961ರ ಡಿಸೆಂಬರ್ 31ರ ರಾತ್ರಿ. ಅದೇ ವರ್ಷದ ಫುಟ್‌ಬಾಲ್ ಫೈನಲ್‌ಗೆ, ಡೌನ್ ಮತ್ತು ಆಫಲಿ ಕೌಂಟಿಗಳ ಆಟಕ್ಕೆ, 90,556 ಜನ ಬಂದಿದ್ದರು. ಆ ದಾಖಲೆ ಇಂದಿಗೂ ಮುರಿದಿಲ್ಲ. ಟಿಕೆಟಿನ ಹಣವೇ ಜೀವಾಳವಾಗಿದ್ದ ಜಿಎಎಗೆ ಟಿವಿಯ ಭಯ ಹುಟ್ಟಿದ್ದು ಸಹಜ. ಮನೆಯಲ್ಲೇ ಕಾಣುವುದಾದರೆ ರೈಲು ಹತ್ತಿ ಡಬ್ಲಿನ್ನಿಗೆ ಯಾರು ಬರುತ್ತಾರೆ? ಹಾಗಾಗಿ 1962ರಲ್ಲಿ ಅಳೆದು ತೂಗಿ ಬಾಗಿಲು ತೆರೆದರು: ಫೈನಲ್‌ಗಳು, ಫುಟ್‌ಬಾಲಿನ ಸೆಮಿಫೈನಲ್‌ಗಳು, ಇನ್ನೊಂದೆರಡು ಪಂದ್ಯಗಳು, ಅಷ್ಟೇ. ಆ ವರ್ಷದ ಹರ್ಲಿಂಗ್ ಫೈನಲ್‌ನಲ್ಲಿ ಟಿಪರೇರಿಯು ವೆಕ್ಸ್‌ಫರ್ಡ್ ತಂಡವನ್ನು ಸೋಲಿಸಿದ್ದನ್ನು ನಾಡು ಮೊದಲ ಬಾರಿಗೆ ಮನೆಯಲ್ಲಿ ಕುಳಿತು ನೋಡಿತು. ಹೊಸ ಟಿವಿ ಕೇಂದ್ರದ ಕ್ರೀಡಾ ವಿಭಾಗದ ಮೊದಲ ಮುಖ್ಯಸ್ಥರೂ ಅದೇ ಓಹೇರ್. ಚಿತ್ರ ಬಂದರೂ ದನಿ ಮಾತ್ರ ಹಳೆಯದೇ ಉಳಿಯಿತು.

ಮುಂದೆ ಸುಮಾರು ಮೂರು ದಶಕ ನೇರ ಪ್ರಸಾರ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಈ ಕೊರತೆಯನ್ನು ತುಂಬಿದ್ದು 1979ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ವಾಹಿನಿ ಆರ್‌ಟಿಇ ಶುರುಮಾಡಿದ ‘ದ ಸಂಡೇ ಗೇಮ್’. ಭಾನುವಾರ ರಾತ್ರಿ ದಿನದ ಪಂದ್ಯಗಳ ಮುಖ್ಯ ಭಾಗಗಳನ್ನು ತೋರಿಸಿ, ಹಳೆಯ ಆಟಗಾರರನ್ನು ಕೂರಿಸಿ ವಾದ ಮಾಡಿಸುವ ಕಾರ್ಯಕ್ರಮ ಇದು. ಮೈಕೆಲ್ ಲಿಸ್ಟರ್ ಎಂಬ ನಿರೂಪಕರು 1984ರಿಂದ 2018ರ ತನಕ, ಅಂದರೆ ಒಂದು ತಲೆಮಾರು ಹುಟ್ಟಿ ಅದಕ್ಕೆ ಮಕ್ಕಳಾಗುವ ತನಕ, ಇದನ್ನು ನಡೆಸಿಕೊಟ್ಟರು. ನಮ್ಮ ಹಳ್ಳಿಗಳ ಅರಳಿಕಟ್ಟೆಗೆ ಕ್ಯಾಮೆರಾ ಹಿಡಿದರೆ ಹೇಗಿರುತ್ತದೋ ಹಾಗಿರುವ ಈ ಕಾರ್ಯಕ್ರಮದಲ್ಲಿ ತೀರ್ಪುಗಳು ಕಠಿಣ. 2003ರ ಸೆಮಿಫೈನಲ್‌ನಲ್ಲಿ ಟಿರೋನ್ ತಂಡ ಹಿಂಡುಹಿಂಡಾಗಿ ಮುತ್ತಿ ಕೆರಿಯನ್ನು ಕಟ್ಟಿಹಾಕಿದಾಗ, ಕೆರಿಯ ಪರವಾಗಿ ಎಂಟು ಪಟ್ಟ ಗೆದ್ದಿದ್ದ ಪ್ಯಾಟ್ ಸ್ಪಿಲೇನ್ ಅದನ್ನು ವಾಂತಿ ಬರಿಸುವ ಫುಟ್‌ಬಾಲ್ ಎಂದುಬಿಟ್ಟರು. ಟಿರೋನ್ ಆ ವರ್ಷ ತನ್ನ ಮೊದಲ ಪಟ್ಟ ಗೆದ್ದಿತು. ಆ ಮಾತನ್ನು ಟಿರೋನ್‌ನವರು ಇನ್ನೂ ಮರೆತಿಲ್ಲ. ಮೈದಾನದಲ್ಲಿ ರೆಫರಿಯ ಕಣ್ಣಿಗೆ ಬೀಳದ ಕೋಲಿನೇಟು ಭಾನುವಾರ ರಾತ್ರಿ ಟಿವಿಯಲ್ಲಿ ಬಿದ್ದರೆ ವಾರದೊಳಗೆ ಶಿಸ್ತು ಸಮಿತಿ ಎಚ್ಚೆತ್ತುಕೊಳ್ಳುತ್ತದೆ, ಕ್ಯಾಮೆರಾ ಹೋಗದ ಪಂದ್ಯದಲ್ಲಿ ಹೊಡೆದವನು ಮಾತ್ರ ಪಾರಾಗುತ್ತಾನೆ, ಎಂಬ ದೂರು ಆಟಗಾರರಲ್ಲಿ ಇದ್ದೇ ಇದೆ. ದೂರಿನಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ.

ನನ್ನ ಯಜಮಾನರು ಕಿಟಕಿಯ ರೇಡಿಯೊದಲ್ಲಿ ಕೇಳುತ್ತಿದ್ದದ್ದು ಇನ್ನೊಬ್ಬ ಮೀಹಾಲ್ ಅವರನ್ನು: ಕೆರಿ ಕೌಂಟಿಯ ಡಿಂಗಲ್ ಬಳಿಯ ಮೀಹಾಲ್ ಓ ಮುರಿಹರ್ತಿಗ್. 1949ರಿಂದ 2010ರ ತನಕ ವಿವರಣೆ ನೀಡಿದವರು, 2024ರಲ್ಲಿ ತೀರಿಕೊಂಡರು. ಮಾತಿನ ನಡುವೆ ಇಂಗ್ಲಿಷಿನಿಂದ ಐರಿಷ್ ಭಾಷೆಗೆ ಹೊರಳಿ ಮತ್ತೆ ಬರುವುದು ಅವರಿಗೆ ಉಸಿರಾಟದಷ್ಟು ಸಲೀಸು. ಚೆಂಡು ಮೈದಾನದ ಆಚೆ ಹೋಗಿ ಬರುವಷ್ಟರಲ್ಲಿ ಆಟಗಾರನ ಅಜ್ಜಿಯ ಊರಿಗೆ ಹೋಗಿ ಬಂದುಬಿಡುತ್ತಿದ್ದರು. ಕಾರ್ಕ್ ತಂಡದ ಶಾನ್ ಓಗ್ ಓ ಹಾಲ್ಪೀನ್ ಬಗ್ಗೆ ಅವರು ಹೇಳಿದ ಮಾತನ್ನು ಐರ್ಲೆಂಡಿನಲ್ಲಿ ಮಕ್ಕಳೂ ಬಲ್ಲರು: ಅಪ್ಪ ಫರ್ಮಾನದವರು, ಅಮ್ಮ ಫಿಜಿಯವರು, ಎರಡೂ ಹರ್ಲಿಂಗ್‌ಗೆ ಹೆಸರಾದ ಸೀಮೆಗಳಲ್ಲ. ಫರ್ಮಾನ ಐರ್ಲೆಂಡಿನ ಕೌಂಟಿಯೇ, ಆದರೆ ಅಲ್ಲಿ ಹರ್ಲಿಂಗ್ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಗೊತ್ತಿದ್ದವರಿಗೆ ಮಾತ್ರ ನಗು ಬರುತ್ತದೆ. ಬಲ್ಲವರ ಪ್ರಸಾರ ಎಂದು ನಾನು ಹೇಳಿದ್ದು ಇದನ್ನೇ.

ಐರಿಷ್ ಭಾಷೆಯ ಮಾತು ಬಂದಾಗ ಟಿಜಿ4 ವಾಹಿನಿಯನ್ನು ನೆನೆಯಬೇಕು. 1996ರ ಅಕ್ಟೋಬರ್ 31ರಂದು ಐರಿಷ್ ಭಾಷೆಗೆಂದೇ ಶುರುವಾದ ಈ ವಾಹಿನಿಗೆ ನೋಡುಗರು ಎಲ್ಲಿಂದ ಬರಬೇಕು? ಶಾಲೆಯಲ್ಲಿ ಕಲಿತು ಮರೆತ ಭಾಷೆಯಲ್ಲಿ ಧಾರಾವಾಹಿ ನೋಡುವವರು ಕಡಿಮೆ. ಆದರೆ ಹರ್ಲಿಂಗ್ ನೋಡಲು ಭಾಷೆ ಪೂರ್ತಿ ತಿಳಿಯಬೇಕಿಲ್ಲ. ದೊಡ್ಡ ವಾಹಿನಿ ಬಿಟ್ಟುಬಿಟ್ಟದ್ದನ್ನೆಲ್ಲ ಟಿಜಿ4 ಎತ್ತಿಕೊಂಡಿತು: ಲೀಗ್ ಪಂದ್ಯಗಳು, ಚಳಿಗಾಲದ ಕೆಸರಿನಲ್ಲಿ ನಡೆಯುವ ಕ್ಲಬ್ ಪಂದ್ಯಗಳು, ಹಳೆಯ ಫೈನಲ್‌ಗಳ ಮರುಪ್ರಸಾರ. ಮಹಿಳೆಯರ ಗೇಲಿಕ್ ಫುಟ್‌ಬಾಲಿಗೆ 2001ರಿಂದ ಪ್ರಾಯೋಜಕತ್ವವನ್ನೂ ಕೊಟ್ಟಿತು. 2019ರಲ್ಲಿ ಡಬ್ಲಿನ್ ಮತ್ತು ಗಾಲ್ವೇ ಮಹಿಳೆಯರ ಫೈನಲ್ ನೋಡಲು ಕ್ರೋಕ್ ಪಾರ್ಕ್‌ಗೆ 56,114 ಜನ ಬಂದರು. ಟಿವಿ ಬಂದರೆ ಮೈದಾನ ಖಾಲಿಯಾಗುತ್ತದೆ ಎಂಬ 1962ರ ಭಯಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಗೊತ್ತಿಲ್ಲ. ಯಾರೂ ತೋರಿಸದೆ ಇದ್ದ ಆಟಕ್ಕೆ ಜನ ಬರುವುದೂ ಇಲ್ಲ. ಆ ವಾಹಿನಿಯಿಂದ ನಾನು ಕಲಿತ ಎರಡು ಪದಗಳಿವೆ. ಗೋಲಿಗೆ ಐರಿಷ್‌ನಲ್ಲಿ ‘ಕೂಲ್’, ಒಂದು ಅಂಕಕ್ಕೆ ‘ಕೂಲೀನ್’. ಕೊನೆಯ ‘ಈನ್’ ಎಂದರೆ ಚಿಕ್ಕದು, ಮುದ್ದಿನದು. ಕೂಲೀನ್ ಎಂದರೆ ಪುಟ್ಟ ಗೋಲು, ಮರಿಗೋಲು. ಅಂಕಗಳ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಒಂದು ವಾಕ್ಯ ಬೇಕು. ಐರಿಷ್‌ನಲ್ಲಿ ಹೆಸರೇ ಅದನ್ನು ಹೇಳುತ್ತದೆ.

ಈಗ ಕ್ಯಾಮೆರಾದ ಕಷ್ಟಕ್ಕೆ ಬರುತ್ತೇನೆ. ಮಾಧ್ಯಮ ಓದುವ ನಿಮಗೆ ಇದು ಹೆಚ್ಚು ಬೇಕಾದದ್ದು. ಹರ್ಲಿಂಗ್ ಮೈದಾನದ ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90 ಮೀಟರ್. ಸಾಮಾನ್ಯ ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಅಷ್ಟು ದೊಡ್ಡ ಬಯಲಿನಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಚೆಂಡು. ಇಡೀ ಮೈದಾನ ಕಾಣುವಂತೆ ಚೌಕಟ್ಟು ಇಟ್ಟರೆ ಚೆಂಡು ಚುಕ್ಕಿಯಾಗುತ್ತದೆ. ಹತ್ತಿರ ಹೋದರೆ ಚೆಂಡು ಚೌಕಟ್ಟಿನಿಂದ ಹಾರಿಹೋಗುತ್ತದೆ. ಗೋಲ್‌ಕೀಪರ್ ಹೊಡೆದ ಒಂದೇ ಹೊಡೆತ ಮೈದಾನದ ಅರ್ಧವನ್ನು ದಾಟಿ ಬೀಳುತ್ತದೆ, ಅದು ಬೀಳುವ ಜಾಗದಲ್ಲಿ ಆಗಲೇ ಆರು ಕೋಲುಗಳು ಎದ್ದಿರುತ್ತವೆ. ಅನುಭವಿ ಕ್ಯಾಮೆರಾದವರು ಚೆಂಡನ್ನು ಹಿಂಬಾಲಿಸುವುದಿಲ್ಲ, ಹೊಡೆಯುವವನ ಭುಜ ತಿರುಗಿದ ದಿಕ್ಕನ್ನು ನೋಡಿ ಅದು ಇಳಿಯುವ ಜಾಗಕ್ಕೆ ಮುಂಚೆಯೇ ತಲುಪಿರುತ್ತಾರೆ. ಅಂದರೆ ಕ್ಯಾಮೆರಾದವನೂ ಆಟ ಬಲ್ಲವನೇ ಆಗಿರಬೇಕು. 2020ರಲ್ಲಿ ಬಿಳಿಯ ಸ್ಲಿಟರ್ ಬದಲು ಹಳದಿ ಸ್ಲಿಟರ್ ಬಂತು. ಕೋವಿಡ್‌ನಿಂದ ಚಳಿಗಾಲಕ್ಕೆ ಹೋದ ಆ ವರ್ಷದ ಪಂದ್ಯಾವಳಿಯಲ್ಲಿ, ದೀಪದ ಬೆಳಕಿನಲ್ಲಿ, ಖಾಲಿ ಕುರ್ಚಿಗಳ ಎದುರು ಅದು ಎದ್ದು ಕಾಣುತ್ತಿತ್ತು.

ಎರಡನೆಯ ಕಷ್ಟ ರಿಪ್ಲೇಯದು. ಕ್ರಿಕೆಟ್ಟಿನಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಬೌಲರ್ ನಡೆದು ಹೋಗುತ್ತಾನೆ. ಆ ಬಿಡುವಿನಲ್ಲಿ ಹತ್ತು ಕೋನಗಳಿಂದ ತೋರಿಸಬಹುದು, ಜಾಹೀರಾತನ್ನೂ ತುರುಕಬಹುದು. ಹರ್ಲಿಂಗ್‌ನಲ್ಲಿ ಬಿಡುವಿಲ್ಲ. 2024ರ ಫೈನಲ್‌ನ ಲೆಕ್ಕ ನೋಡಿ: ಕ್ಲೇರ್ 3-29, ಕಾರ್ಕ್ 1-34. ಗೋಲು ಮತ್ತು ಅಂಕ ಸೇರಿ 67 ಸಲ ಚೆಂಡು ಕಂಬಗಳ ನಡುವೆ ಹೋಯಿತು, 70 ನಿಮಿಷ ಮತ್ತು 20 ನಿಮಿಷದ ಹೆಚ್ಚುವರಿ ಆಟದಲ್ಲಿ. ಗಾಯಕ್ಕೆ, ತಡಕ್ಕೆ ಸೇರಿಸಿದ ಹೊತ್ತನ್ನು ಬಿಟ್ಟರೆ ಒಂದೂವರೆ ನಿಮಿಷಕ್ಕೂ ಮುಂಚೆ ಒಂದು. ಇದರಲ್ಲಿ ಒಂದು ಗೋಲಿನ ರಿಪ್ಲೇ ತೋರಿಸಿ ಮುಗಿಸುವಷ್ಟರಲ್ಲಿ ಮುಂದಿನ ಅಂಕ ಆಗಿಹೋಗಿರುತ್ತದೆ, ನೋಡುಗ ಬೈಯುತ್ತಾನೆ. ಮತ್ತೆ ಆ ಅಂಕಪಟ್ಟಿ! 3-29 ಎಂದರೆ ಮೂರು ಗೋಲು ಮೂರರಲೆ ಒಂಬತ್ತು, ಇಪ್ಪತ್ತೊಂಬತ್ತು ಸೇರಿ ಮೂವತ್ತೆಂಟು. 1-34 ಎಂದರೆ ಮೂವತ್ತೇಳು. ಒಂದು ಅಂಕದಿಂದ ಕ್ಲೇರ್ ಗೆಲುವು. ಬಲ್ಲವನಿಗೆ ಈ ಲೆಕ್ಕ ಕಣ್ಣಿನಲ್ಲೇ ಆಗುತ್ತದೆ. ನಾನು ಮೊದಲ ವರ್ಷ ಬೆರಳು ಮಡಿಸುತ್ತ ಕೂರುತ್ತಿದ್ದೆ.

ತಂತ್ರಜ್ಞಾನದ ಬಗ್ಗೆ ಒಂದು ಮಾತು. ಚೆಂಡು ಕಂಬಗಳ ತುದಿಗಿಂತ ಮೇಲೆ ಹೋದಾಗ ಒಳಗೋ ಹೊರಗೋ ಎಂದು ತೀರ್ಮಾನಿಸಲು 2013ರಲ್ಲಿ ಕ್ರೋಕ್ ಪಾರ್ಕ್‌ಗೆ ಹಾಕ್-ಐ ಬಂತು. ದೊಡ್ಡ ಪರದೆಯ ಮೇಲೆ ಚೆಂಡಿನ ದಾರಿ ಓಡಿ, ಕೊನೆಗೆ ಐರಿಷ್ ಭಾಷೆಯಲ್ಲಿ ‘ಟಾ’ ಅಂದರೆ ಹೌದು, ‘ನೀಲ್’ ಅಂದರೆ ಇಲ್ಲ ಎಂದು ಮೂಡುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಲಿಮರಿಕ್ ಮತ್ತು ಗಾಲ್ವೇ ಕಿರಿಯರ ಸೆಮಿಫೈನಲ್ ನಡೆಯುತ್ತಿತ್ತು. ಲಿಮರಿಕ್ ಹುಡುಗನೊಬ್ಬ ಹೊಡೆದ ಚೆಂಡು ಕಂಬಗಳ ನಡುವೆಯೇ ಹೋದದ್ದನ್ನು ಪರದೆಯ ಚಿತ್ರ ತೋರಿಸಿತು. ತೋರಿಸಿದ ಮೇಲೆ ‘ನೀಲ್’ ಎಂದಿತು. ಸಜ್ಜುಗೊಳಿಸುವಾಗ ಮನುಷ್ಯರು ಮಾಡಿದ ತಪ್ಪು ಎಂದು ಆಮೇಲೆ ಒಪ್ಪಿಕೊಂಡರು, ಆ ದಿನದ ಮಟ್ಟಿಗೆ ಯಂತ್ರವನ್ನು ನಿಲ್ಲಿಸಿದರು. ಆದರೆ ಲಿಮರಿಕ್ ಹುಡುಗರು ಹೆಚ್ಚುವರಿ ಆಟದ ಕೊನೆಗೆ ಸೋತಿದ್ದರು. ಮರುವರ್ಷದ ಹಿರಿಯರ ಫೈನಲ್‌ನಲ್ಲಿ, ಆಟ ಸಮನಾಗಿದ್ದು ಕೊನೆಯ ಗಳಿಗೆಯಲ್ಲಿ ಟಿಪರೇರಿಯ ಜಾನ್ ಒಡ್ವಾಯರ್ ಬಹುದೂರದಿಂದ ಹೊಡೆದ ಫ್ರೀ ಕಂಬದ ಪಕ್ಕದಲ್ಲೇ ಹೊರಗೆ ಹೋಯಿತೆಂದು ಅದೇ ಯಂತ್ರ ಹೇಳಿತು. ಎಂಬತ್ತು ಸಾವಿರ ಜನ ಉಸಿರು ಬಿಗಿಹಿಡಿದು ಒಂದು ಪದಕ್ಕಾಗಿ ಪರದೆ ನೋಡುತ್ತಿದ್ದರು. ಕಿಲ್ಕೆನಿ ಮರುಪಂದ್ಯದಲ್ಲಿ ಗೆದ್ದಿತು.

ಇನ್ನು ಹಣ. ದುಡ್ಡು ಕೊಟ್ಟು ನೋಡುವ ವಾಹಿನಿ ಚಾಂಪಿಯನ್‌ಶಿಪ್‌ಗೆ ಮೊದಲು ಕಾಲಿಟ್ಟದ್ದು 2014ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಜಿಎಎ ಕೆಲವು ಪಂದ್ಯಗಳನ್ನು ಸ್ಕೈ ಸ್ಪೋರ್ಟ್ಸ್‌ಗೆ ಮಾತ್ರ ಮೀಸಲಾಗಿ ಕೊಟ್ಟಿತು. ಬ್ರಿಟನ್ನಿನಲ್ಲಿರುವ ಐರಿಷ್ ಮಂದಿಗೆ ತಲುಪಲು ಎಂಬುದು ಸಂಸ್ಥೆಯ ಸಮರ್ಥನೆ. ಊರಿನಲ್ಲಿ ಗುಲ್ಲೆದ್ದಿತು: ನಮ್ಮ ಹುಡುಗ ಪುಕ್ಕಟೆ ಆಡುತ್ತಾನೆ, ನಾವು ಪುಕ್ಕಟೆ ಅಂಗಳದ ಹುಲ್ಲು ಕತ್ತರಿಸುತ್ತೇವೆ, ಜರ್ಸಿ ತೊಳೆಯುತ್ತೇವೆ, ಅವನನ್ನು ನೋಡಲು ನಾವೇಕೆ ತಿಂಗಳು ತಿಂಗಳು ಹಣ ಕಟ್ಟಬೇಕು? ಅದೇ ವರ್ಷದ ಜುಲೈನಲ್ಲಿ ಇಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಒಂದು ದೇಸಿ ಆಟ ಟಿವಿಗೆ ಬಂದದ್ದನ್ನು ನಾವು ಹಬ್ಬದಂತೆ ಕಂಡೆವು. ಅಲ್ಲಿ ದೇಸಿ ಆಟ ಟಿವಿಯ ಒಂದು ಮೂಲೆಗೆ ಹೋದದ್ದನ್ನು ಮನೆಯ ಕಳವು ಎಂಬಂತೆ ಕಂಡರು. ಇದರ ಕಾರಣ ಸರಳ. ಇಲ್ಲಿ ಕಬಡ್ಡಿಯ ಆಟಗಾರ ಹರಾಜಿನಲ್ಲಿ ಬಿಕರಿಯಾಗಿ ಯಾವ ಊರಿನ ತಂಡಕ್ಕಾದರೂ ಆಡುತ್ತಾನೆ, ಹಾಗಾಗಿ ಅವನನ್ನು ನೋಡುವ ಹಕ್ಕಿಗೂ ಬೆಲೆಯಿದೆ ಎಂಬುದನ್ನು ನಾವು ಪ್ರಶ್ನಿಸುವುದಿಲ್ಲ. ಅಲ್ಲಿ ಆಟಗಾರನಿಗೇ ಬೆಲೆ ಕಟ್ಟಿಲ್ಲ.

ಸ್ಕೈ 2022ರ ಕೊನೆಗೆ ಹಿಂದೆ ಸರಿಯಿತು, ಜಗಳ ಮುಗಿಯಲಿಲ್ಲ. ವಿದೇಶದಲ್ಲಿರುವವರಿಗೆಂದು ಆರ್‌ಟಿಇ ಮತ್ತು ಜಿಎಎ ಸೇರಿ 2014ರಲ್ಲೇ ಕಟ್ಟಿದ್ದ ಜಿಎಎಗೋ ಎಂಬ ಅಂತರ್ಜಾಲ ಸೇವೆ 2023ರಿಂದ ದೇಶದೊಳಗೂ ಚಾಂಪಿಯನ್‌ಶಿಪ್ ಪಂದ್ಯಗಳನ್ನು ಹಣಕ್ಕೆ ತೋರಿಸತೊಡಗಿತು: 38 ಪಂದ್ಯಗಳಿಗೆ 79 ಯೂರೊ, ಬಿಡಿಯಾಗಿ ಒಂದಕ್ಕೆ 12 ಯೂರೊ. ಹೀಗಾಗಲು ಒಳಕಾರಣವೊಂದಿತ್ತು. 2018ರಿಂದ ಹರ್ಲಿಂಗ್‌ನ ಪ್ರಾಂತೀಯ ಪಂದ್ಯಗಳು ಗುಂಪು ಪದ್ಧತಿಗೆ ಬದಲಾಗಿ ಸಂಖ್ಯೆ ಹೆಚ್ಚಿತು. 2022ರಿಂದ ಕ್ಲಬ್ಬುಗಳಿಗೆ ವರ್ಷದ ಉತ್ತರಾರ್ಧವನ್ನು ಬಿಟ್ಟುಕೊಡಲು ಸೆಪ್ಟೆಂಬರ್‌ನ ಫೈನಲ್‌ಗಳನ್ನು ಜುಲೈಗೆ ತಂದರು. ಹೆಚ್ಚು ಪಂದ್ಯ, ಕಡಿಮೆ ವಾರ. ಎಲ್ಲವನ್ನೂ ಉಚಿತ ವಾಹಿನಿಯಲ್ಲಿ ತೋರಿಸಲು ಜಾಗವಿಲ್ಲ. ಈ ಲೆಕ್ಕಾಚಾರ ಯಾರ ಸಮಾಧಾನಕ್ಕೂ ಬರಲಿಲ್ಲ. 2023ರ ಮೇ ತಿಂಗಳಲ್ಲಿ ಕಾರ್ಕ್ ಮತ್ತು ಟಿಪರೇರಿ ನಡುವೆ ಸಮನಾಗಿ ಮುಗಿದ ರೋಚಕ ಪಂದ್ಯ ಜಿಎಎಗೋದಲ್ಲಿ ಮಾತ್ರ ಇತ್ತು. ಮರುದಿನ ಆರ್‌ಟಿಇಯ ಕಾರ್ಯಕ್ರಮದಲ್ಲೇ ಕಾರ್ಕಿನ ಹಳೆಯ ಗೋಲ್‌ಕೀಪರ್ ಡೋನಲ್ ಓಗ್ ಕ್ಯೂಸಾಕ್ ಅದನ್ನು ಕಟುವಾಗಿ ಟೀಕಿಸಿದರು. ಆಗ ಉಪಪ್ರಧಾನಿಯಾಗಿದ್ದ, ಸ್ವತಃ ಕಾರ್ಕಿನವರಾದ ಮೀಹಾಲ್ ಮಾರ್ಟಿನ್ ದನಿಗೂಡಿಸಿದರು. ವಿಷಯ ಸಂಸದೀಯ ಸಮಿತಿಯ ಮುಂದೆ ಬಂತು. ಬ್ರಾಡ್‌ಬ್ಯಾಂಡ್ ಸರಿಯಾಗಿಲ್ಲದ ಹಳ್ಳಿಯ ವೃದ್ಧರ ಪ್ರಶ್ನೆಯೇ ಎಲ್ಲರ ಬಾಯಲ್ಲೂ ಇತ್ತು. ಆಮೇಲೆ ಆರ್‌ಟಿಇ ತನ್ನ ಪಾಲನ್ನು ಬಿಟ್ಟುಕೊಟ್ಟಿತು, 2025ರಿಂದ ಜಿಎಎ ಪ್ಲಸ್ ಎಂಬ ಹೆಸರಿನಲ್ಲಿ ಸಂಸ್ಥೆಯೇ ಅದನ್ನು ನಡೆಸುತ್ತಿದೆ. ಫೈನಲ್‌ಗಳಿಗೆ ಮಾತ್ರ ಈ ಆತಂಕವಿಲ್ಲ. ಅವು ಉಚಿತ ವಾಹಿನಿಯಲ್ಲೇ ಬರಬೇಕೆಂದು ಸರ್ಕಾರ ಕಾನೂನಿನಡಿ ಗುರುತಿಸಿದೆ. ಹಳ್ಳಿಯ ವೃದ್ಧರ ಪರವಾಗಿ ನಾನೂ ಮಾತಾಡಿದವನೇ. ಆದರೂ ಒಂದನ್ನು ಒಪ್ಪಬೇಕು: ಪ್ರಸಾರದಿಂದ ಬಂದ ಹಣ ಯಾವ ಮಾಲೀಕನ ಜೇಬಿಗೂ ಹೋಗುವುದಿಲ್ಲ, ತಿರುಗಿ ಕೌಂಟಿಗೂ ಕ್ಲಬ್ಬಿಗೂ ಮಕ್ಕಳ ತರಬೇತಿಗೂ ಹೋಗುತ್ತದೆ. ಈ ಜಗಳದಲ್ಲಿ ಖಳನಾಯಕನಿಲ್ಲ, ಅದಕ್ಕೇ ಅದು ಬಗೆಹರಿಯುವುದಿಲ್ಲ.

ನೋಡುಗನ ಬೇಸರ ಆಟವನ್ನೇ ಬದಲಿಸಿದ್ದೂ ಉಂಟು. ಗೇಲಿಕ್ ಫುಟ್‌ಬಾಲ್ ವರ್ಷದಿಂದ ವರ್ಷಕ್ಕೆ ಎಲ್ಲರೂ ಹಿಂದೆ ನಿಂತು ಚೆಂಡನ್ನು ಅಡ್ಡಡ್ಡ ದಾಟಿಸುವ ಆಟವಾಗಿತ್ತು. ಡಬ್ಲಿನ್ ತಂಡಕ್ಕೆ ಆರು ಪಟ್ಟ ತಂದುಕೊಟ್ಟ ಜಿಮ್ ಗ್ಯಾವಿನ್ ನೇತೃತ್ವದ ಸಮಿತಿ ಸೂಚಿಸಿದ ಹೊಸ ನಿಯಮಗಳು 2025ರಿಂದ ಜಾರಿಗೆ ಬಂದವು: 40 ಮೀಟರ್ ಕಮಾನಿನ ಹೊರಗಿನಿಂದ ಹಾರಿಸಿದರೆ ಎರಡು ಅಂಕ, ಪ್ರತಿ ತಂಡದ ಮೂವರು ಎದುರಾಳಿಯ ಅರ್ಧದಲ್ಲಿ ಇರಲೇಬೇಕು, ಆಟ ಮುಗಿದದ್ದಕ್ಕೆ ಗಡಿಯಾರ ಮತ್ತು ಹೂಟರ್. ಹರ್ಲಿಂಗ್‌ಗೆ ಇದ್ಯಾವುದೂ ಬೇಕಾಗಲಿಲ್ಲ. ರಸ್ತೆ ಬೌಲಿಂಗ್ ಎಂಬ ಇನ್ನೊಂದು ಹಳೆಯ ಆಟವಿದೆ. ಕಾರ್ಕ್ ಮತ್ತು ಆರ್ಮಾ ಕೌಂಟಿಗಳ ಹಳ್ಳಿಯ ದಾರಿಗಳಲ್ಲಿ ಸುಮಾರು 800 ಗ್ರಾಂ ಕಬ್ಬಿಣದ ಗುಂಡನ್ನು ಎಸೆಯುತ್ತ ಮೈಲಿಗಟ್ಟಲೆ ಸಾಗುತ್ತಾರೆ, ನೋಡುವವರು ಬೇಲಿಗೆ ಒತ್ತಿಕೊಂಡು ಜೊತೆಗೇ ನಡೆಯುತ್ತಾರೆ. ಅದನ್ನು ಯಾವ ಕ್ಯಾಮೆರಾ ಎಲ್ಲಿ ನಿಂತು ಹಿಡಿದೀತು!

ಕೊನೆಗೆ 2024ರ ಜುಲೈ 21. ಆ ದಿನದ ಹರ್ಲಿಂಗ್ ಫೈನಲ್ ಅನ್ನು ಬಿಬಿಸಿ ಇಡೀ ಬ್ರಿಟನ್ನಿಗೆ ತೋರಿಸಿತು. ಹರ್ಲಿ ಎಂದರೇನು ಎಂದೇ ಕೇಳಿರದ ಜನ ಬೆರಗಾಗಿ ಬರೆದುಕೊಂಡರು. ಅವರಿಗೆ ನಿಯಮ ಬಿಡಿಸಿ ಹೇಳಿದ್ದರಿಂದ ಆಟಕ್ಕೆ ಏನೂ ಕುಂದಾಗಲಿಲ್ಲ ಎಂದು ನನಗೆ ಅನಿಸಿತು. ಯಜಮಾನರಿಗೆ ಹಾಗೆ ಅನಿಸುತ್ತಿರಲಿಲ್ಲವೇನೋ.

ನಾನು ಆಗ ಬೆಂಗಳೂರಿನಲ್ಲಿದ್ದೆ. ಅಲ್ಲಿನ ಮಧ್ಯಾಹ್ನ ಮೂರೂವರೆ ಇಲ್ಲಿನ ರಾತ್ರಿ ಎಂಟು. ಊಟದ ತಟ್ಟೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಎನಿಸ್‌ನ ಆ ಮನೆಯಲ್ಲಿ ರೇಡಿಯೊ ಮತ್ತು ಟಿವಿಯ ಹಳೆಯ ಜೋಡಾಟ ನಿಂತು ವರ್ಷಗಳಾಗಿದ್ದವು. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡ್ ಹಳೆಯ ಅನಲಾಗ್ ಟಿವಿಯನ್ನು ಮುಚ್ಚಿತು. ಡಿಜಿಟಲ್ ಚಿತ್ರ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ರೇಡಿಯೊದಲ್ಲಿ ಗೋಲು ಆದ ಮೇಲೆ ಟಿವಿಯಲ್ಲಿ ಹುಡುಗ ಇನ್ನೂ ಓಡುತ್ತಿರುತ್ತಾನೆ. ಯಜಮಾನರು ಒಂದು ಋತುವಿನ ತನಕ ಹೆಣಗಿ, ಕೊನೆಗೆ ಚಿತ್ರವನ್ನೇ ಬಿಟ್ಟು ರೇಡಿಯೊ ಉಳಿಸಿಕೊಂಡರು. ಅಂತರ್ಜಾಲದಲ್ಲಿ ನನಗೆ ಬರುವ ಚಿತ್ರ ಇನ್ನೂ ತಡ, ಅರ್ಧ ನಿಮಿಷಕ್ಕೂ ಹೆಚ್ಚು.

ಹೆಚ್ಚುವರಿ ಆಟದ ಕೊನೆಯ ಗಳಿಗೆ. ಕ್ಲೇರ್ ಒಂದು ಅಂಕ ಮುಂದಿದೆ. ನನ್ನ ಪರದೆಯಲ್ಲಿ ಕಾರ್ಕಿನ ರಾಬಿ ಒಫ್ಲಿನ್ ಚೆಂಡು ಹಿಡಿದು ತಿರುಗುತ್ತಿದ್ದಾನೆ, ಹಿಂದಿನಿಂದ ಒಬ್ಬ ಅವನ ಕೆಂಪು ಜರ್ಸಿಯನ್ನು ಹಿಡಿದು ಎಳೆಯುತ್ತಿದ್ದಾನೆ. ಆಗ ಮೇಜಿನ ಮೇಲಿದ್ದ ಫೋನು ಸದ್ದು ಮಾಡಿತು. ಯಜಮಾನರ ಸಂದೇಶ: ‘ಗೆದ್ದೆವು.’ ಪರದೆಯಲ್ಲಿ ಒಫ್ಲಿನ್ ಇನ್ನೂ ಕೋಲು ಬೀಸಿರಲಿಲ್ಲ. ಅವನು ಬೀಸಿದ, ಚೆಂಡು ಮೇಲೆದ್ದಿತು. ಅದು ಹೊರಗೇ ಹೋಗುತ್ತದೆಂದು ಗೊತ್ತಿದ್ದೂ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.